ರಾಚಪ್ಪ ಕಾಕಾನ್ನ ಘೋಡಾದಿಂದ ಇಳಿಸಿದ ಜಗಳ

ತಡೀರಿ, ತಡೀರಿ. ಉದ್ದ ಐತಿ ಅಂತ ಹೆಬ್ಬಟ್ಟಿಲೆ ಸರಿಸಿ ಮುಂದ ಹೋಗಬ್ಯಾಡ್ರಿ. ಧನತೇರಸ್ ದಿನ, ಅಂಗಡಿ ತುಂಬ ಗಿರಾಕಿ ನಿಂತಾಗ, ನಾವಿಬ್ಬರು ಛತ್ತಿಗೆ ತಲಿ ತಾಗೂ ಅಷ್ಟು ಎತ್ತರದಾಗ ನಿಂತು ಆಡಿದ ಜಗಳ ಬರೂದೈತಿ. ಅದಕ್ಕ ಕಾಯ್ರಿ. ಅಲ್ಲೀತನಕ ನಾ ಎಲ್ಲೆಲ್ಲಿ ಬಿದ್ದೆ ಅಂತ ಹೇಳ್ತೀನಿ, ನಗಕೋತ ಓದ್ರಿ.

ನಾ ಶಿವಾನಂದ. ಮನ್ಯಾಗೂ ಅಂಗಡ್ಯಾಗೂ ಶಿವ್ಯಾ. ಇರೂದು ದಹಿಸರ್, ದುಡಿಯೂದು ಗ್ರಾಂಟ್ ರೋಡ್ ಸ್ಟೇಶನ್ ಹತ್ರ ಒಂದು ಸ್ಟೀಲ್ ಭಾಂಡೆ ಅಂಗಡ್ಯಾಗ. ಮತ್ತ ನಾ ನಿವೃತ್ತ. ವಯಸ್ಸು ಮೂವತ್ತೊಂದು, ನಗಬ್ಯಾಡ್ರಿ. ಅಂಗಡಿಯಿಂದ ಅಲ್ಲ, ನಿಚ್ಚಣಿಕಿಯಿಂದ ನಿವೃತ್ತ. ಹಾರ, ಶಾಲು, ಫೋಟೋ ಏನೂ ಇರ್ಲಿಲ್ಲ. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡದು "ಇನ್ನ ಮುಂದ ಸ್ಟೂಲ್ ಸುದ್ದಾ ಹತ್ತಬ್ಯಾಡ" ಅಂದ್ರು. ಮುಗೀತು ನನ್ನ ಸರ್ವಿಸು.

ಇದನ್ನ ಬರಿಯೂದು ಹೊಸದಾಗಿ ಅಂಗಡಿ ಕೆಲಸಕ್ಕ ಸೇರಾವ್ರ ಸಲುವಾಗಿ. ನಿಮಗ ಬಿಲ್ ಮಾಡೂದು ಕಲಸ್ತಾರ. ಗಿರಾಕಿ ನೋಡಿ ಹೆಂಗ ನಗಬೇಕು ಅಂತ ಕಲಸ್ತಾರ. ನಿಚ್ಚಣಿಕಿ ಹತ್ತೂದು ಯಾರೂ ಕಲಸಂಗಿಲ್ಲ. "ಚಢ್" ಅಂತಾರ, ನಾವು ಹತ್ತತೀವಿ. ಇಳಿಯೂದ್ರ ಬಗ್ಗೆ ಅಂತೂ ಒಂದು ಮಾತಿಲ್ಲ. ಬೀಳೂದು ತಾನಾಗೇ ಬರತೈತಿ, ಅದಕ್ಕ ಟ್ರೇನಿಂಗ್ ಬ್ಯಾಡ.

ಮದ್ಲ ನಮ್ಮ ಅಂಗಡಿ ಹೆಂಗೈತಿ ಹೇಳ್ತೀನಿ. ಲೋಕಲ್ ಡಬ್ಬಿ ಅಷ್ಟು ಅಗಲ, ಒಳಗ ಹೋದ್ರ ಹೋಗಕೋತನ ಇರಬೇಕು. ಮುಂಬೈದಾಗ ಜಾಗಾ ಅಡ್ಡ ಸಿಗಂಗಿಲ್ಲಲ್ಲ, ಅದಕ್ಕ ನಮ್ಮ ಶೇಠಜಿ ಅವ್ರ ಅಪ್ಪ ಮ್ಯಾಲ ಮ್ಯಾಲ ಹೋಗ್ಯಾರ. ಗೋಡಿ ತುಂಬ ಹಲಗಿ, ಹಲಗಿ ತುಂಬ ಡಬ್ಬಿ, ಬುಟ್ಟಿ, ಪಾತೇಲಿ, ಕುಕ್ಕರ್. ಛತ್ತಿನತನಕ. ಗಿರಾಕಿಗೆ ಬೇಕಾದ್ದು ಯಾವಾಗ್ಲೂ ತುದಿಯಾಗ ಇರತೈತಿ. ಇದು ಯಾವ ಅಂಗಡ್ಯಾಗರೆ ಬ್ಯಾರೆ ಇದ್ರ ಹೇಳ್ರಿ ನೋಡೂನು.

ಅಲ್ಲಿಗೆ ಹತ್ತಾಕ ನಮ್ಮಲ್ಲಿ ಇರೂದು ಘೋಡಾ. ಘೋಡಾ ಅಂದ್ರ ಹಿಂದಿದಾಗ ಕುದರಿ, ನಮ್ಮಲ್ಲಿ ಎರಡು ಕಟ್ಟಿಗಿ ನಿಚ್ಚಣಿಕಿ ತಲಿ ಕೂಡಿಸಿ ಬೋಲ್ಟ್ ಹಾಕಿ, ಕೆಳಗ ಕಾಲು ಅಗಲಿಸಿ ನಿಂದರಸಿದ್ದು. ಪೇಂಟರ್ ಮಂದಿ ಹತ್ರ ನೋಡಿರ್ತೀರಿ. ಎರಡೂ ಕಡೆ ಮೆಟ್ಟಲ ಇರ್ತಾವ. ಎರಡು ಕಾಲಿನ ನಡುವ ಒಂದು ಹಗ್ಗಾ ಕಟ್ಟಿರಬೇಕು, ಇಲ್ಲಾ ಅಂದ್ರ ಕಾಲು ಎರಡೂ ಕಡೆ ಸರದು ಘೋಡಾ ನೆಲಕ್ಕ ಮಕ್ಕೋತೈತಿ. ಮ್ಯಾಲಿದ್ದವನೂ ಮಕ್ಕೋತಾನ.

ಆದ್ರ ನಮ್ಮ ಅಂಗಡ್ಯಾಗ ಹಗ್ಗಾ ಯಾರೂ ಬಿಗಿಯಾಗಿ ಕಟ್ಟಂಗಿಲ್ಲ. ಯಾಕ ಅಂದ್ರ ನಾವು ಘೋಡಾ ನಡಸ್ತೀವಿ! ತುದಿಯಾಗ ಕುಂತು, ಆ ಕಡೆ ಒಂದು ಕಾಲು ಈ ಕಡೆ ಒಂದು ಕಾಲು ಹಾಕಿ, ಸೊಂಟ ಹಿಂಗ ಹೊಳ್ಳಿಸಿದ್ರ ಘೋಡಾ ಟಕ್ ಅಂತ ಒಂದು ಹೆಜ್ಜಿ ಹಾಕತೈತಿ. ಮತ್ತ ಹಂಗ ಹೊಳ್ಳಿಸಿದ್ರ ಟಕ್ ಅಂತ ಇನ್ನೊಂದು. ಕುಕ್ಕರ್ ಮೂಲಿಯಿಂದ ತಾಟಿನ ಮೂಲಿಗೆ ಹೋಗಾಕ ಇಳದು, ಘೋಡಾ ಸರಿಸಿ, ಮತ್ತ ಹತ್ತೂದು ಯಾರಿಗೆ ಬೇಕ್ರಿ? ನಡಸಾಕ ಹಗ್ಗಾ ಸಡ್ಲ ಇರಬೇಕು. ಹಗ್ಗಾ ಸಡ್ಲ ಇದ್ರ ಜೀವಾ ಸಡ್ಲ. ಗೊತ್ತಿದ್ದೂ ನಡಸ್ತೀವಿ.

ಈ ವಿದ್ಯಾದಾಗ ಗುರು ಅಂದ್ರ ರಾಚಪ್ಪ ಕಾಕಾ. ಇಂಡಿ ಕಡೆಯವ್ರು. ಮೀಸಿ ಬರೂಕಿಂತ ಮದ್ಲ ಬಂದು ಈ ಅಂಗಡಿ ಸೇರಿ, ಈಗ ಮೀಸಿ ಬೆಳ್ಳಗಾಗೇದ. ಗುಡಿಗೆ ಹೋದಂಗ ಘೋಡಾದ ಬುಡಕ ಚಪ್ಪಲಿ ಬಿಟ್ಟು ಹತ್ತತಿದ್ರು. ಮುಂಜಾನಿ ಹತ್ತಿದ್ರ ಊಟಕ್ಕ ಇಳಿತಿದ್ರು. ಮ್ಯಾಲಿಂದನ ಡಬ್ಬಿ ಒಗಿತಿದ್ರು, ಕೆಳಗ ನಾ ಹಿಡೀತಿದ್ದೆ. ಮ್ಯಾಲಿಂದನ ಗಿರಾಕಿ ಜೋಡಿ ಮಾತು. "ಭಾಭಿ, ವೋ ಮತ್ ಲೋ, ಯೇ ಲೋ, ಭಾರಿ ಹೈ!" ಹೆಣ್ಣಮಕ್ಕಳು ಅಂಗಡಿಗೆ ಬಂದು ಶೇಠಜಿನ್ನ ನೋಡತಿದ್ದಿಲ್ಲ, ತಲಿ ಎತ್ತಿ "ಚಾಚಾ ಹೈ ಕ್ಯಾ?" ಅಂತ ಕೇಳ್ತಿದ್ರು. ಕಾಕಾನ ಘೋಡಾ ಯಾರೂ ಹಿಡಿಯೂ ಹಂಗಿಲ್ಲ. ನಾ ಹೊಸದಾಗಿ ಬಂದಾಗ ಒಂದ್ಸಲ ಹಿಡದಿದ್ದೆ. "ಲೇ ತಮ್ಮಾ, ನಾ ಏನ್ ಮುದಕ ಆಗೀನಿ ಏನ? ಬಿಡು ಕೈ. ಲಗ್ನದ ಕುದರಿ ಏನಿದು ಹಗ್ಗಾ ಹಿಡಕೊಂಡು ನಡಿಯಾಕ?" ಅಂತ ಬೈದ್ರು. ಹಗ್ಗಾ ಯಾರರೆ ಮುಟ್ಟಿದ್ರಂತೂ ಅವನ ಏಳು ತಲಿಮಾರು ಎಬ್ಬಸ್ತಿದ್ರು.

ಈಗ ನನ್ನ ಮದ್ಲನೇ ಬೀಳೂದು. ಮಂದಿ ತಿಳಕೊಂಡಾರ ತುದಿಯಿಂದ ಬೀಳ್ತಾರ ಅಂತ. ಸುಳ್ಳು. ತುದಿಯಾಗ ಇದ್ದಾಗ ಹೆದರಿಕಿ ಇರತೈತಿ, ಗಟ್ಟಿ ಹಿಡಕೋತೀವಿ. ಬೀಳೂದು ಕೆಳಗ ಬಂದ ಮ್ಯಾಲ, ಇನ್ನೇನ್ ನೆಲ ಬಂತು ಅಂದಾಗ. ನಾ ಎರಡೂ ಕೈಯಾಗ ಒಂದ್ರಾಗೊಂದು ಹಾಕಿದ ಬೋಗುಣಿ ಹಿಡಕೊಂಡು ಇಳದೆ. ಬೋಗುಣಿ ಕಣ್ಣಿಗೆ ಅಡ್ಡ. ನೆಲ ಬಂತು ಅಂತ ಹಿಂದ ಕಾಲು ಇಟ್ಟೆ, ನೆಲ ಇನ್ನೂ ಬಂದಿರ್ಲಿಲ್ಲ. ಹಂಗ ಹಿಂದಕ್ಕ ಹೋಗಿ ಕುಂತದ್ದು ಎಲ್ಲಿ ಅಂದ್ರ, ಬಿರಿಯಾನಿ ಮಾಡೂ ದೊಡ್ಡ ಪಾತೇಲ್ಯಾಗ. ಬರೋಬ್ಬರಿ ಕುಂತೆ, ಮಾಪು ತಗೊಂಡು ಮಾಡಿಸಿದಂಗ. ಕೈಕಾಲು ಹೊರಗ, ಉಳಿದದ್ದೆಲ್ಲಾ ಒಳಗ. ಏಳಾಕ ಬರವಲ್ದು.

ಶೇಠಜಿ ಗಲ್ಲಾ ಬಿಟ್ಟು ಓಡಿ ಬಂದ್ರು. ನಂಗ ಕಣ್ಣಾಗ ನೀರ ಬಂತು, ಎಷ್ಟು ಪ್ರೀತಿ ಅಂತ. ಅವ್ರು ಬಗ್ಗಿ ಪಾತೇಲಿ ಸುತ್ತಲೂ ಕೈ ಆಡಿಸಿ ನೋಡಿದ್ರು, ನೆಗ್ಗೇತೇನ ಅಂತ. "ಮಾಲ್ ಕೋ ಕುಛ್ ನಹೀ ಹುವಾ", ಮಾಲಿಗೆ ಏನೂ ಆಗಿಲ್ಲ ಅಂತ ಉಸರು ಬಿಟ್ರು. ಅಷ್ಟರಾಗ ಒಬ್ರು ಗಿರಾಕಿ, ಕೇಟರಿಂಗ್ ಮಾಡಾವ್ರಿರಬೇಕು, ನನ್ನ ಮಾರಿ ನೋಡ್ದೆ ಪಾತೇಲಿ ನೋಡಿ "ಯೇ ಕಿತ್ನೇ ಕಾ?" ಅಂದ್ರು. ನಾ ಒಳಗ ಕುಂತನ ರೇಟ್ ಹೇಳಿದೆ. ಮಾರಾಟ ಆತು! ನನ್ನ ಹೊರಗ ತಗದು ಪಾತೇಲಿ ಕಟ್ಟಿ ಕೊಟ್ರು. ಕಾಕಾ ಮ್ಯಾಲಿಂದ, "ಶಿವ್ಯಾ, ನಾಳೆ ಅದಕ್ಕಿಂತ ದೊಡ್ಡದ್ರಾಗ ಬೀಳಪಾ, ಅದು ಭಾಳ ದಿವಸ ಆತು ಹೋಗವಲ್ದು" ಅಂದ್ರು.

ಸೊಂಟಕ್ಕ ಎಣ್ಣಿ ಹಚಗೊಂಡು ಮಲಗಿದೆ, ಮರುದಿನ ಮತ್ತ ಹತ್ತಿದೆ. ನಮ್ಮ ಕಸುಬಿನಾಗ ಬಿದ್ದದ್ದು ಸುದ್ದಿ ಅಲ್ಲ, ನಗಿ. ನಕ್ಕು ಮುಗಿದ ಮ್ಯಾಲ ಯಾಕ ಬಿದ್ದ ಅಂತ ಯಾರೂ ಕೇಳಂಗಿಲ್ಲ. ಹೊಸಬ್ರು ಇದನ್ನ ನೆನಪಿಡ್ರಿ. ಇಳಿಯುವಾಗ ಮಾರಿ ನಿಚ್ಚಣಿಕಿ ಕಡೆ, ಒಂದು ಕೈ ಖಾಲಿ. ಬೋಗುಣಿ ಆಮ್ಯಾಲ ಬರ್ಲಿ, ಅದಕ್ಕ ಎಲವು ಇಲ್ಲ.

ನೀವಂತೀರಿ, ಇದು ಹಳೀ ಅಂಗಡಿ ಹಣೆಬರಾ, ದೊಡ್ಡ ಸ್ಟೋರಿನಾಗ ಹಿಂಗ ಇರಂಗಿಲ್ಲ ಅಂತ. ನನ್ನ ತಂಗಿ ಸವಿತಾ ಪವಾಯಿದಾಗ ಒಂದು ಭಾರಿ ಸ್ಟೋರಿನಾಗ ಅದಾಳ. ಏಸಿ, ಯೂನಿಫಾರ್ಮ್, ಕೊರಳಾಗ ಐಡಿ ಕಾರ್ಡ್. ಅವ್ರ ನಿಚ್ಚಣಿಕಿ ನೋಡಿದ್ರ ಅದಕ್ಕ ಹೆಣ್ಣು ಕೊಡಬೇಕು ಅನಸತೈತಿ. ಅಲ್ಯುಮಿನಿಯಮ್, ಗಾಲಿ, ಬ್ರೇಕು, ಮ್ಯಾಲ ನಿಂದರಾಕ ಅಗಲ ಹಲಗಿ, ಸುತ್ತ ಕಟಾಂಜನ. ಆದ್ರ ಅದಕ್ಕ ಸರಪಳಿ ಹಾಕಿ ಕೀಲಿ ಹಾಕ್ಯಾರ! ಕೀಲಿ ಸೂಪರ್‌ವೈಸರ್ ಮ್ಯಾಡಮ್ ಹತ್ರ. ಮ್ಯಾಡಮ್ ಮೀಟಿಂಗಿನಾಗ. ಯಾರರೆ ಬೀಳ್ತಾರ ಅಂತ ಕೀಲಿ ಹಾಕಿದ್ದು. ಹಂಗಾಗಿ ಎಲ್ಲಾರೂ ಏನ್ ಮಾಡ್ತಾರ? ತಿರಗೂ ಕುರ್ಚಿ ಮ್ಯಾಲ ನಿಲ್ತಾರ.

ಸವಿತಾ ಕುರ್ಚಿ ಮ್ಯಾಲ ನಿಂತು ಬೆಡ್‌ಶೀಟ್ ಎಳದಳು. ಬೆಡ್‌ಶೀಟ್ ಬರ್ಲಿಲ್ಲ, ಕುರ್ಚಿ ತಿರಗ್ತು. ಮುಂಗೈ ಮುರೀತು. ಪ್ಲಾಸ್ಟರ್ ಹಾಕಿಕೊಂಡು ಮನಿಗೆ ಬಂದಾಕಿ ಸಿಟ್ಟಿನಾಗ ಹೇಳಿದ್ಲು, "ಅಣ್ಣಾ, ಬಿದ್ದ ಮ್ಯಾಲ ಮ್ಯಾಡಮ್ ಬಂದು ಫಸ್ಟ್ ಏನ್ ಕೇಳಿದ್ರು ಗೊತ್ತಾ? ಲ್ಯಾಡರ್ ಯಾಕೆ ಯೂಸ್ ಮಾಡ್ಲಿಲ್ಲ ಅಂತ!" ಅವ್ವ ನಗತಾಳ, ಸವಿತಾ ಅಳತಾಳ, ನಂಗ ಎರಡೂ ಬಂತು.

ಅವತ್ತಿಂದ ನಂಗ ಹುಚ್ಚು ಹಿಡೀತು ನೋಡ್ರಿ. ದಹಿಸರ್‌ದಿಂದ ಗ್ರಾಂಟ್ ರೋಡ್ ತನಕ ಲೋಕಲ್‌ನಾಗ ನೇತಾಡಕೋತ ಮೊಬೈಲಿನಾಗ ನಿಚ್ಚಣಿಕಿ ವಿಡಿಯೋ. ಎಲ್ಲಾರೂ ಕ್ರಿಕೆಟ್ ನೋಡ್ತಾರ, ನಾ ಯಾವ ದೇಶದವನೋ ಒಬ್ಬ ನಿಚ್ಚಣಿಕಿ ಗ್ವಾಡಿಗೆ ಎಷ್ಟು ವಾರಿ ಇಡಬೇಕು ಅಂತ ತೋರಸೂದು ನೋಡ್ತೀನಿ. ಪಕ್ಕದಾಗ ನಿಂತಾವ ಇಣುಕಿ ನೋಡಿ ಮಾರಿ ತಿರಿವಿದ. ಯಾರೂ ಕಲಿಸಿಲ್ಲ, ನಾನ ಕಲ್ತೆ. ಕಲ್ತಮ್ಯಾಲ ಸುಮ್ನಿರಾಕ ಆಗಂಗಿಲ್ಲ. ಲಗ್ನಕ್ಕ ಹೋದ್ರ ಮಂಟಪ ಕಟ್ಟಾವ್ರ ಘೋಡಾ ನೋಡ್ತಿದ್ದೆ, ಹೂವಿನ ಅಂಗಡ್ಯಾಗ ಸ್ಟೂಲಿನ ಕಾಲು ಅಳ್ಳಾಡಿಸಿ ನೋಡ್ತಿದ್ದೆ. ಸವಿತಾ "ಅಣ್ಣಾ ಪ್ಲೀಸ್, ಮಂದಿ ನೋಡ್ತಾರೆ" ಅಂತ ಜಗ್ಗತಿದ್ಲು.

ಇಷ್ಟೆಲ್ಲಾ ಕಲ್ತಾವ ನಾನ ಬಿದ್ದೆ. ಅದೂ ಘೋಡಾ ನಡಸಾಕ ಹೋಗಿ. ಯಾಕ ನಡಸಿದೆ? ಕಾಕಾ ಊರಿಗೆ ಹೋಗಿದ್ರು, ಗಿರಾಕಿ ನಿಂತಿದ್ರು, ಎಲ್ಲಾರೂ ಮ್ಯಾಲ ನನ್ನ ನೋಡ್ತಿದ್ರು. ಅಷ್ಟ ಸಾಕಾತು. ಹತ್ತಿದಾಗ ನೋಡಿದ ವಿಡಿಯೋ ಒಂದೂ ನೆನಪಾಗ್ಲಿಲ್ಲ. ಟಕ್ ಅಂತು, ಚಪ್ಪಾಳಿ ಒಂದ ಕಡಿಮಿ. ಇನ್ನೊಂದ್ಸಲ ಸೊಂಟಾ ಹೊಳ್ಳಿಸಿದೆ, ಸಡ್ಲ ಹಗ್ಗಾ ಪೂರಾ ಬಿಚ್ಚಿಕೊಂತು, ಘೋಡಾದ ಎರಡು ಕಾಲೂ ಎರಡು ದಿಕ್ಕಿಗೆ ಹೋದ್ವು. ನಾ ನೆಟ್ಟಗ ಕೆಳಗ ಬಂದೆ. ನಿಂತಂಗನ ಬಂದೆ, ಅದಕ್ಕ ಹಿಮ್ಮಡಿ ಎಲವು ಪುಡಿ ಆತು. ನನ್ನ ಹಿಂದಿಂದ ತಾಟು ಬಂದ್ವು, ಒಂದೊಂದ, ಸಾವಕಾಶ, ನಂದ ಮೆರವಣಿಗಿ ಐತಿ ಅನ್ನೂವಂಗ ಬಾಜಾ ಬಾರಿಸಿಕೋತ.

ಆಸ್ಪತ್ರಿ ವಾರ್ಡಿನಾಗ ನನ್ನ ಎಡಕ್ಕ ಒಬ್ಬ ಪೇಂಟರ್, ಬಲಕ್ಕ ಒಬ್ಬ ಕಪಡಾ ಅಂಗಡಿಯಾವ, ಎದರಿಗೆ ಬೋರ್ಡ್ ಹಚ್ಚಾಕ ಹತ್ತಿ ಬಿದ್ದಾವ. "ನೀ ಎಷ್ಟನೇ ಮೆಟ್ಟಲದಿಂದ?" ಅಂತ ಒಬ್ಬರಿಗೊಬ್ಬರು ಕೇಳ್ತಿದ್ವಿ, ಊರು ಯಾವುದು ಅಂತ ಕೇಳಿದಂಗ. ಪೇಂಟರ್ ಸೊಂಟದ ಕೆಳಗ ಏನೂ ಅಲಗತಿದ್ದಿಲ್ಲ. ಅಂವ ನಮ್ಮ ಎಲ್ಲಾರಕಿಂತ ಜಾಸ್ತಿ ಜೋಕು ಹೇಳ್ತಿದ್ದ. ಅವನ ಹೇಂತಿ ಬಂದು ಕುಂತಾಗ ಮಾತ್ರ ಸುಮ್ನ ಆಗತಿದ್ದ. ಅಲ್ಲಿಂದ ಬಂದಮ್ಯಾಲ ನಂಗ ನನ್ನ ಕಾಲಿನ ಚಿಂತಿ ಇರ್ಲಿಲ್ಲ. ಕಣ್ಣು ಮುಚ್ಚಿದ್ರ ರಾಚಪ್ಪ ಕಾಕಾ ಆ ಪೇಂಟರ್‌ನ ಕಾಟ್ ಮ್ಯಾಲ ಮಲಗಿದಂಗ ಕಾಣತಿದ್ರು.

ಯಾಕ ಅಂದ್ರ ನಾ ಕುಂಟಕೋತ ಅಂಗಡಿಗೆ ಹೋಗಿ ಬಿಲ್ಲಿನ ಕಡೆ ಕುಂತಮ್ಯಾಲ ಮದ್ಲನೇ ಸಲ ಕಾಕಾನ್ನ ದೂರದಿಂದ ನೋಡಿದೆ. ಕೆಳಗ ಡಬ್ಬಿ ಹಿಡಿಯುವಾಗ ಡಬ್ಬಿ ನೋಡ್ತಿದ್ದೆ, ಮನಷ್ಯಾನ್ನ ನೋಡ್ತಿದ್ದಿಲ್ಲ. ಕಾಕಾ ಹತ್ತುವಾಗ ನಡುವ ನಿಂತು ಉಸರು ತಗೋತಿದ್ರು. ಒಗದ ಡಬ್ಬಿ ಗುರಿ ತಪ್ಪತಿತ್ತು. ಬಿಪಿ ಗುಳಗಿ ಕಿಸೆದಾಗ ಇರತಿತ್ತು, ನುಂಗೂದು ನೆನಪಿದ್ರ.

"ಕಾಕಾ, ಹಗ್ಗಾರೆ ಬಿಗಿಯೂನ್ರಿ" ಅಂದೆ.

"ನೀ ಬಿದ್ದಿ ಅಂತ ನಾನೂ ಬೀಳಬೇಕೇನ? ನಿನ್ನ ಕಾಲು ಮುರದೈತಿ, ನನ್ನ ತಲಿ ತಿನ್ನಬ್ಯಾಡ."

"ನಂಗ ಹೆದರಿಕಿ ಆಗತೈತ್ರಿ."

"ಹಂಗಾರ ನೀ ನೋಡಬ್ಯಾಡ. ಬಿಲ್ ಬರಿ."

ಒಂದಿನ ಚಾ ಕುಡಿಯುವಾಗ ಮಾತ್ರ ಖರೇ ಹೇಳಿದ್ರು. ಶೇಠಜಿ ಅದರ ಹಿಂದಿನ ದಿನ ನಗಕೋತ ಅಂದಿದ್ರಂತ, "ರಾಚಪ್ಪಾ, ತೂ ಊಪರ್ ಹೈ ತಬ್ ತಕ್ ತೂ ಹೈ. ನೀಚೇ ಆಕೇ ಕ್ಯಾ ಕರೇಗಾ?" ಅಂತ. ಮ್ಯಾಲ ಇರೂತನಕ ನೀ ಇದ್ದಿ, ಕೆಳಗ ಬಂದ್ರ ಏನ್ ಮಾಡ್ತಿ? ಕಾಕಾಗ ಓದಾಕ ಬರಂಗಿಲ್ಲ, ಬಿಲ್ ಆಗಂಗಿಲ್ಲ. "ಇಳದ್ರ ನನ್ನ ಕೈಯಾಗ ಊರಿನ ಎಸ್ಟಿ ಬಸ್ಸಿನ ತಿಕೀಟು ಕೊಡ್ತಾರ ಶಿವ್ಯಾ. ಊರಾಗ ನನ್ನ ಗುರ್ತು ಯಾರಿಗೈತಿ? ನಾ ಮೂರು ಹೊತ್ತು ಈ ಗಲ್ಲಿ ನೋಡ್ಕೋತ ಮುದಕ ಆದಾವ." ಅಷ್ಟು ಹೇಳಿ ಕಪ್ಪಿಟ್ಟು ಮತ್ತ ಹತ್ತಿದ್ರು. ಬಿದ್ರ ಎಲವು ಹೋಗತೈತಿ, ಇಳದ್ರ ಅಂಗಡಿ ಹೋಗತೈತಿ. ನಾ ಬಿಲ್ಲಿನಾಗ ಎರಡು ಸಲ ತಪ್ಪು ಬರದೆ.

ಈಗ ಬಂತು ನೋಡ್ರಿ ಧನತೇರಸ್. ಆ ದಿನ ಒಂದು ಚಮಚಾನರೆ ತಗೋಬೇಕು ಅಂತ ಇಡೀ ಮುಂಬೈ ಭಾಂಡೆ ಅಂಗಡಿಗೆ ಬರತೈತಿ. ಬಾಗಲದಾಗ ಕಾಲಿಡಾಕ ಜಾಗಾ ಇಲ್ಲ. ಕಾಕಾ ಮುಂಜಾನಿಂದ ಮ್ಯಾಲ. ಅಂಗಡಿ ನಡುವ ಘೋಡಾ, ಸುತ್ತಲೂ ಮಂದಿ.

ಮಧ್ಯಾಹ್ನ ಊಟಕ್ಕ ಕರದೆ. "ಹಸಿವಿಲ್ಲ" ಅಂದ್ರು. ಚಾ ಬಂತು. "ಮ್ಯಾಲ ಕೊಡು" ಅಂದ್ರು. ಮ್ಯಾಲ ಕೊಟ್ರ ತಗೊಳ್ಳಾಕ ಕೈ ಬಿಡವಲ್ರು, ಎರಡೂ ಕೈಲೆ ಹಲಗಿ ಹಿಡದಾರ. "ಅಲ್ಲೇ ಇರ್ಲಿ, ಬಿಸಿ ಐತಿ" ಅಂದ್ರು. ಎದುರಿನ ಮೂಲಿದು ಡಬ್ಬಿ ಕೇಳಿದ್ರ "ಖತಂ ಹೋ ಗಯಾ" ಅಂತಾರ, ಅಲ್ಲಿ ಸಾಲಾಗಿ ಕಾಣಾಕತ್ತಾವ! ಕೈಗೆ ಸಿಗೂ ಅಷ್ಟ ಮಾಲ್ ತಗದು ಕೊಡತಾರ. ಒಬ್ಬಾಕಿ ಬಕೆಟ್ ಕೇಳಿದ್ಲು, ಅಕಿಗೆ ಇಡ್ಲಿ ಕುಕ್ಕರ್ ಕೊಟ್ಟು "ಯೇ ಅಚ್ಛಾ ಹೈ" ಅಂದ್ರು. ಶೇಠಜಿ ಗಲ್ಲಾದಿಂದ, "ರಾಚಪ್ಪಾ, ಘೋಡಾ ಚಲಾ ನಾ! ಸೋ ಗಯಾ ಕ್ಯಾ?" ಅಂತ, ಘೋಡಾ ನಡಸು, ಮಲಗಿದ್ಯೇನ ಅಂತ ಒದರಾಕತ್ತಾರ.

ನಾ ಎದ್ದು ಘೋಡಾದ ಬುಡಕ ಹೋದೆ. ಬಗ್ಗಿ ಹಗ್ಗಾ ಹಿಡದೆ. ಜಗ್ಗಿ ಬಿಗದೆ, ಗಂಟು ಹಾಕಿದೆ, ಗಂಟಿನ ಮ್ಯಾಲ ಗಂಟು ಹಾಕಿದೆ. ಕಾಕಾ ಮ್ಯಾಲಿಂದ ನೋಡಿದ್ರು. ಏನೂ ಅನ್ಲಿಲ್ಲ.

ಆಗ ನಂಗ ತಿಳೀತು. ಹಗ್ಗಾ ಮುಟ್ಟಿದವನ ಏಳು ತಲಿಮಾರು ಎಬ್ಬಸೂ ಮನಷ್ಯಾ ಸುಮ್ನ ನೋಡ್ತಾನ ಅಂದ್ರ, ಅಂವಗ ಇಳಿಯಾಕ ಆಗವಲ್ದು.

ಡಾಕ್ಟರ್ ಸ್ಟೂಲ್ ಸುದ್ದಾ ಹತ್ತಬ್ಯಾಡ ಅಂದಿದ್ರು. ಚಪ್ಪಲಿ ಬಿಟ್ಟೆ, ಎದುರಿನ ಕಡೆ ಮೆಟ್ಟಲಾ ಹತ್ತಿದೆ. ಹಿಮ್ಮಡಿ ಚುರ್ ಅಂತಿತ್ತು. ತುದಿಗೆ ಹೋದಾಗ ನಮ್ಮಿಬ್ಬರ ಮಾರಿ ನಡುವ ಬರೇ ಬೋಲ್ಟ್. ಕಾಕಾನ ಮಾರಿ ಪೂರಾ ಬೆವತಿತ್ತು.

"ತಲಿ ಗಿರ್ ಅಂತೈತಿ ಶಿವ್ಯಾ" ಅಂದ್ರು ಮೆಲ್ಲಕ. "ಕೆಳಗ ನೋಡಿದ್ರ ಅಂಗಡಿ ತಿರಗತೈತಿ. ಮಂದಿ ಮುಂದ ಹಿಡಕೊಂಡು ಇಳಸಬ್ಯಾಡಪಾ. ಶೇಠಜಿ ನೋಡಾಕತ್ತಾರ."

ನಾ ಏನ್ ಮಾಡ್ಲಿ? ತಲ್ಯಾಗ ಬಂದದ್ದು ಒಂದ. ಈ ಅಂಗಡ್ಯಾಗ ಹಿಂದಿ ನಡಿತೈತಿ, ಮರಾಠಿ, ಗುಜರಾತಿ ನಡಿತೈತಿ. ಕನ್ನಡ ಬರಾವ್ರು ನಾವಿಬ್ಬರ. ಜೋರಾಗಿ ಒದರಿದ್ರ ಜಗಳ ಅಂತ ತಿಳ್ಕೋತಾರ!

ಕಣ್ಣು ಕೆಂಪ ಮಾಡಿ ಒದರಿದೆ. "ಕಾಕಾ! ಕೆಳಗ ನೋಡಬ್ಯಾಡ್ರಿ! ನನ್ನ ಮಾರಿ ನೋಡ್ರಿ!"

ಕಾಕಾ ಗಾಬರಿ ಆದ್ರು. ಆಮ್ಯಾಲ ತಿಳೀತು ಅವ್ರಿಗೆ. ಮೀಸಿ ನೆಟ್ಟಗಾದ್ವು. "ನೋಡಾಕತ್ತೀನಿ! ನಿನ್ನ ಮಾರಿ ಏನ್ ಚೆಂದ ಐತಂತ ನೋಡ್ಲಿ?"

"ಬಲಗಾಲು ಕೆಳಗ ಇಡ್ರಿ!" ನಾ ಗಾಳ್ಯಾಗ ಬಟ್ಟು ಆಡಿಸಿದೆ, ಸಿಟ್ಟಿನಾಗ ಇದ್ದಂಗ.

"ಇಟ್ಟೆ! ಮೆಟ್ಟಲಾ ಸಿಗವಲ್ದು!"

"ಇನ್ನಷ್ಟು ಕೆಳಗ! ನಾನೂ ಇಡ್ತೀನಿ, ಜೋಡೀಲೆ!"

"ಸಿಕ್ತಲೇ ಹುಚ್ಚಪ್ಯಾಲಿ!"

"ಭಾಳ ಚೊಲೋ ಆತು! ಈಗ ಎಡಗಾಲು!"

ಕೆಳಗ ಇಡೀ ಅಂಗಡಿ ತಲಿ ಎತ್ತಿ ನೋಡಾಕತ್ತೈತಿ. ಚೌಕಾಶಿ ಬಂದ್. ಶೇಠಜಿ ಕೈ ಮುಗದಾರ, "ಅರೇ ಬಾಬಾ, ಆಜ್ ಕೇ ದಿನ್ ಝಗಡಾ ಮತ್ ಕರೋ, ಗಿರಾಕ್ ಹೈ!" ಅಂತ. ನಾವು ಎಲ್ಲಿ ಬಿಡ್ತೀವಿ?

"ಕೈ ಬಿಡಬ್ಯಾಡ್ರಿ, ನಿಮಗ ಕಾಲಿಗೆ ಬೀಳ್ತೀನಿ!" ನಾ ಹಲ್ಲು ಕಡದೆ.

"ಬಿಟ್ಟಿಲ್ಲಲೇ! ನಿನ್ನ ಕಾಲು ನಡಗಾಕತ್ತಾವ, ನಿಂದ ನೀ ನೋಡ್ಕೋ!" ಕಾಕಾ ಗುಡಗಿದ್ರು.

"ನೋವು ಆಗತೈತ್ರಿ, ಏನ್ ಮಾಡ್ಲಿ!"

"ಯಾಕ ಹತ್ತಿದ್ಯೋ ಮತ್ತ, ಡಾಕ್ಟರ್ ಬ್ಯಾಡ ಅಂದಿರ್ಲಿಲ್ಲೇನ!"

ಇದು ಮಾತ್ರ ಖರೇ ಸಿಟ್ಟು. ಕಾಕಾನ ಕಣ್ಣು ತುಂಬಿದ್ವು, ದನಿ ಮಾತ್ರ ಛತ್ತು ಹಾರಿಸೂವಂಗ.

ನಡುವ ಒಂದು ಮೆಟ್ಟಲದಾಗ ಕಾಕಾ ನಿಂತೇಬಿಟ್ರು. ಕಣ್ಣು ಮುಚ್ಚಿದ್ರು. ಮ್ಯಾಲೂ ಇಲ್ಲ, ಕೆಳಗೂ ಇಲ್ಲ. ನನ್ನ ಬಾಯಾಗ ಬೈಗಳ ಖಾಲಿ. ಜಗಳಾ ಯಾಕ ನಿಂತಿತು ಅಂತ ಮಂದಿ ಒಬ್ಬರಿಗೊಬ್ಬರು ಕೇಳಾಕತ್ರು. ಶೇಠಜಿ ಗಲ್ಲಾ ದಾಟಿ ಬರಾಕತ್ರು.

ಅಷ್ಟರಾಗ ಕೆಳಗಿಂದ ಒಂದು ಹೆಣ್ಣು ದನಿ, ಜೋರಾಗಿ, ಬೈದಂಗ. "ಇನ್ನು ಸ್ವಲ್ಪಾನೇ ಇರೋದು ರೀ! ನಿಧಾನಕ್ಕೆ ಬನ್ನಿ! ನಾನು ಏಣಿ ಹಿಡ್ಕೊಂಡಿದ್ದೀನಿ!"

ಕನ್ನಡ! ಅದೂ ಮೈಸೂರು ಕಡೆದು! ಬಗ್ಗಿ ನೋಡಿದೆ. ಚಷ್ಮಾ ಹಾಕಿದ ವಯಸ್ಸಾದ ಅಮ್ಮಾವ್ರು. ಒಂದು ಕೈಲೆ ಘೋಡಾದ ಕಾಲು ಹಿಡದಾರ, ಇನ್ನೊಂದು ಕೈ ಎತ್ತಿ ನಮಗ ಬೆದರಸಾಕತ್ತಾರ. ಶೇಠಜಿ ಹತ್ರ ಬಂದ್ರ ಅವ್ರಿಗೆ, "ಆಪ್ ಬೀಚ್ ಮೇ ಮತ್ ಆಯಿಯೇ, ಮೈ ಸಮಝಾತೀ ಹೂಂ", ನಡುವ ಬರಬ್ಯಾಡ್ರಿ, ನಾ ತಿಳಿಸಿ ಹೇಳ್ತೀನಿ ಅಂದು ಹಿಂದಕ್ಕ ಕಳಿಸಿದ್ರು. ಮತ್ತ ಮ್ಯಾಲ ನೋಡಿ ನಮಗ ಛೀಮಾರಿ ಹಾಕಿದ್ರು. "ಉಸಿರು ಎಳ್ಕೊಳ್ಳಿ! ಹಾಂ! ಈಗ ಒಂದು ಕಾಲು! ನಾಚಿಕೆ ಆಗೋದಿಲ್ವಾ ನಿಮಗೆ, ಇಷ್ಟು ಚೆನ್ನಾಗಿ ಇಳೀತಿದ್ದೀರಲ್ಲ!"

ಕಾಕಾ ಕಣ್ಣು ತಗದ್ರು. ಬೈಸಿಕೊಂಡ ಮನಷ್ಯಾನಂಗ ತಲಿ ಕೆಳಗ ಹಾಕಿ ಒಂದು ಕಾಲು ಇಟ್ರು. ನಾನೂ ಇಟ್ಟೆ. ಹಂಗ ಬಂದ್ವಿ, ನೆಲದತನಕ. ಕಾಕಾನ ಕಾಲು ನೆಲಕ್ಕ ತಾಗಿದಾಗ ನಾ ಉಸರು ಬಿಟ್ಟೆ. ಕಾಕಾ ಒಂದು ಕ್ಷಣಾನೂ ಕಳಿಲಿಲ್ಲ ನೋಡ್ರಿ. ಘೋಡಾಗ ಆತು ನಿಂತು, ನನ್ನ ಕಡೆ ಬಟ್ಟು ತೋರಿಸಿ ಶೇಠಜಿಗೆ ಅಂದ್ರು, "ಇಸ್ಕೋ ಊಪರ್ ಮತ್ ಭೇಜೋ ಶೇಠ್! ಚಕ್ಕರ್ ಆ ಗಯಾ ಥಾ ಇಸ್ಕೋ. ಮೈ ನಹೀ ಉತಾರ್‌ತಾ ತೋ ಮರ್ ಜಾತಾ!" ಇವಗ ಚಕ್ಕರ್ ಬಂದಿತ್ತು, ನಾ ಇಳಿಸದಿದ್ರ ಸಾಯ್ತಿದ್ದ!

ಅಂಗಡಿ ಮಂದಿ ನನ್ನ ನೋಡಿ ಛೇ ಛೇ ಅಂದ್ರು. ಶೇಠಜಿ ನನಗ ಬೈದ್ರು, "ಟೂಟಾ ಪೈರ್ ಲೇಕೇ ಹೀರೋ ಬನ್ತಾ ಹೈ!" ಮುರದ ಕಾಲು ತಗೊಂಡು ಹೀರೋ ಆಗತಾನ ಅಂತ.

ನಾ ಎಲ್ಲಾ ಒಪ್ಪಿಕೊಂಡೆ. ಹೌದು, ನಾನ ಹೆದರಿದೆ. ಹೌದು, ಕಾಕಾ ಇಲ್ಲದಿದ್ರ ಬೀಳ್ತಿದ್ದೆ. ಅದಕ್ಕ ಶೇಠಜಿ, ಕೆಳಗ ಯಾವಾಗ್ಲೂ ಒಬ್ರು ಘೋಡಾ ಹಿಡಿಯಾಕ ಬೇಕು, ಹತ್ತಾವಗ ಯಾವ ಮಾಲ್ ಎಲ್ಲೈತಿ ಹೇಳಾಕ ಬೇಕು. ಕಾಕಾನ್ನ ಬಿಟ್ಟು ಇದು ಯಾರಿಗೂ ಆಗಂಗಿಲ್ಲ, ಅಂದೆ. ಶೇಠಜಿ ಇಲ್ಲಾ ಅನ್ನಾಕ ಬಾಯಿ ತಗದ್ರು. ಅಷ್ಟರಾಗ ಅಮ್ಮಾವ್ರು ಹಿಂದಿದಾಗ, "ಬಿಲ್ಕುಲ್ ಸಹೀ. ಪಕಡ್‌ನೇವಾಲಾ ನಹೀ ಹೈ ತೋ ಮೈ ಐಸೀ ದುಕಾನ್ ಮೇ ಕ್ಯೋಂ ಆವೂಂ?", ಹಿಡಿಯಾವ ಇಲ್ಲದ ಅಂಗಡಿಗೆ ನಾ ಯಾಕ ಬರ್ಲಿ ಅಂದ್ರು. ಸುತ್ತಲಿನ ಹೆಣ್ಣಮಕ್ಕಳು ಹಾಂ ಹಾಂ ಅಂದ್ರು. ಧನತೇರಸ್ ದಿನ, ಅಷ್ಟು ಗಿರಾಕಿ ಎದುರಿಗೆ, ಶೇಠಜಿ ಏನ್ ಮಾಡ್ತಾರ? "ಠೀಕ್ ಹೈ ಬಾಬಾ" ಅಂದ್ರು.

ನಾ ಅಮ್ಮಾವ್ರಿಗೆ ಕೈ ಮುಗದು "ಏನ್ ತೋರಸ್ಲಿರೀ?" ಅಂತ ಕೇಳಿದೆ. ಅವ್ರು ಪವಾಯಿದವ್ರಂತ, ಮೊಮ್ಮಗಳಿಗೆ ದೊಡ್ಡ ಕುಕ್ಕರ್ ತಗೊಳ್ಳಾಕ ಬಂದಿದ್ರು. ತುದಿಯಾಗಿನ ಕುಕ್ಕರ್ ನೋಡಿದ್ರು, ನಮ್ಮಿಬ್ಬರ ಕಾಲು ನೋಡಿದ್ರು. "ಅದು ಬೇಡಪ್ಪಾ. ನೆಲದ ಮೇಲೆ ಇರೋದು ಯಾವುದಾದ್ರೂ ಕೊಡಿ" ಅಂದು ಒಂದು ಬಾಂಡ್ಲಿ ತಗೊಂಡು ಹೋದ್ರು.

ಈಗ ಅಂಗಡ್ಯಾಗ ಭಾರಿ ಬದಲಾವಣಿ ಆಗೇದ. ಕಾಕಾ ಕೆಳಗ ನಿಂತು ಘೋಡಾ ಹಿಡೀತಾರ. ಹಗ್ಗಾ ಅವ್ರ ಕೈಲೇ ಬಿಗೀಬೇಕು, ಎರಡು ಗಂಟು. ಮ್ಯಾಲ ಹತ್ತಿದಾವ ಸೊಂಟಾ ಒಂಚೂರು ಹೊಳ್ಳಿಸಿದ್ರ, "ಲೇ! ಸರ್ಕಸ್ಸಿಗೆ ಬಂದೀ ಏನ? ಘೋಡಾ ನಡಸೂ ಚಾಳಿ ಯಾವ ಹಲ್ಕಟ್ ಕಲಿಸಿದ ನಿನಗ?" ಅಂತ ಕೇಳ್ತಾರ. ನಾ ಬಿಲ್ ನೋಡಿ ನಗತೀನಿ. ಗಿರಾಕಿ ಬಂದ್ರ ಈಗ ತಲಿ ಎತ್ತೂದು ಬ್ಯಾಡ, ಚಾಚಾ ಎದುರಿಗೇ ಇರ್ತಾರ. ಮೊದಲಿನಕಿಂತ ಜಾಸ್ತಿ ಮಾರತಾರ. ಗುಳಗಿ ನಾ ಕೊಡ್ತೀನಿ, ಬೈದು ನುಂಗತಾರ.

ಇದನ್ನೆಲ್ಲಾ ಬರೀಲ್ಯಾ ಅಂತ ನಿನ್ನೆ ಕೇಳಿದೆ. ಕಾಕಾ, "ಬರಿ. ಆದ್ರ ಮ್ಯಾಲ ಸಿಕ್ಕೊಂಡಾವ ನೀನ ಅಂತ ಬರಿ" ಅಂದ್ರು. "ಮಂದಿ ನಂಬತಾರೇನ್ರಿ?" ಅಂದೆ. "ನಂಬ್ಲಿ ಬಿಡ್ಲಿ, ಹೊಸ ಹುಡುಗ್ರಿಗೆ ಒಂದು ಮಾತು ಹೇಳು. ತಲಿ ಗಿರ್ ಅಂದ್ರ ಒದರ್ರಿ ಅಂತ. ಸುಮ್ನ ಕುಂದ್ರಬ್ಯಾಡ್ರಿ, ಅಷ್ಟು ಹೊತ್ತು ಮ್ಯಾಲ ಒಬ್ಬಾವಗ ಭಾಳ ಬ್ಯಾಸರ ಆಗತೈತಿ." ಅಷ್ಟಂದು ತಾವ ಏನಂದ್ರು ಅಂತ ಗೊತ್ತಾಗಿ ಹಗ್ಗಾ ಬಿಗಿಯಾಕ ಬಗ್ಗಿದ್ರು.

ಈಗ ನೀವು ಹೇಳ್ರಿ. ಕಪಡಾ ಅಂಗಡಿ, ಚಪ್ಪಲಿ ಅಂಗಡಿ, ಕಿರಾಣಿ, ಮಾಲ್, ಮೆಡಿಕಲ್, ಎಲ್ಲೇ ಇರ್ರಿ, ನೀವು ಎಲ್ಲಿಂದ ಬಿದ್ರಿ, ಎಲ್ಲಿ ಸಿಕ್ಕೊಂಡ್ರಿ, ಯಾರು ಇಳಿಸಿದ್ರು, ಕೆಳಗ ಬರೀರಿ. ಕನ್ನಡ ಟೈಪ್ ಮಾಡಾಕ ಬರದಿದ್ರ ವಾಯ್ಸ್ ಕಳಸ್ರಿ. ನಾಚಿಕಿ ಆದ್ರ "ನನ್ನ ದೋಸ್ತ್ ಒಬ್ಬ ಇದ್ದ, ಅಂವಗ ಹಿಂಗಾತು" ಅಂತ ಬರೀರಿ. ನಾವ್ಯಾರೂ ಆ ದೋಸ್ತನ ಹೆಸರು ಕೇಳಂಗಿಲ್ಲ, ಅವನ ಕಾಲು ಈಗ ಹೆಂಗದಾವ ಅಂತ ಅಷ್ಟ ಕೇಳ್ತೀವಿ.